ಸಹಾಯ ಬೇಕು: ಬರ್ಬನ್ ಯಾವುದು, ರೈ ಯಾವುದು ಅಂತಲೇ ಗೊತ್ತಾಗುತ್ತಿಲ್ಲ

ನಮಸ್ಕಾರ, ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಭಾವ ಎರಡು ಬಾಟಲಿ ಅಮೆರಿಕನ್ ವಿಸ್ಕಿ ತಂದುಕೊಟ್ಟರು: ಬುಲೆಟ್ ಬರ್ಬನ್, ಬುಲೆಟ್ ರೈ (ಬೈಕ್ ಅಲ್ಲ ಮಾರಾಯ್ರೆ). ಬರ್ಬನ್ ಮಾಡುವ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು, ನಮ್ಮ ಶಿಕಾರಿಪುರದ ಕಡೆ ಬೆಳೆಯುತ್ತಾರಲ್ಲ, ಅದೇ. ಹಾಗಾಗಿ ಸಿಹಿ. ರೈ ವಿಸ್ಕಿಗೆ ಕನಿಷ್ಠ 51% ರೈ ಎಂಬ ಗೋಧಿಯಂಥ ಧಾನ್ಯ, ಕಾಳುಮೆಣಸಿನ ಹಾಗೆ ಖಾರ. ಈ ಬಾಟಲಿಯಲ್ಲಂತೂ 95%. ಓದಿದ್ದು ಇಷ್ಟು.

ಆದರೆ ಮೊನ್ನೆ ಮಳೆಯಲ್ಲಿ ಕೂತು ಕಣ್ಣು ಮುಚ್ಚಿ ರುಚಿ ನೋಡಿದರೆ ನಾಲ್ಕರಲ್ಲಿ ಮೂರು ಸಲ ತಪ್ಪು ಹೇಳಿದೆ! ಐಸ್ ಹಾಕುವುದನ್ನು ಬಿಟ್ಟೆ. ನಾಲ್ಕು ಹನಿ ನೀರು ಹಾಕಿದೆ. ಕುಡಿಯುವ ಸರದಿ ಬದಲಿಸಿದೆ. ಖಾರದ ಕೋಳಿಯನ್ನೂ ದೂರ ಇಟ್ಟೆ, ಅದೇ ಕಷ್ಟವಾಗಿದ್ದು. ಆದರೂ ಬರ್ಬನ್ ಕೂಡ ಖಾರವೇ ಅನಿಸುತ್ತದೆ. ಆಮೇಲೆ ನೋಡಿದರೆ ಈ ಬರ್ಬನ್‌ನಲ್ಲೂ 28% ರೈ ಇದೆ. ನನ್ನ ನಾಲಿಗೆ ಮೊಂಡೋ, ಈ ಜೋಡಿಯೇ ಹಾಗೋ?

ಡಿಸೆಂಬರ್‌ಗೆ ಭಾವ ಮತ್ತೆ ಬರುತ್ತಾರೆ. ಸುಂಕವಿಲ್ಲದೆ ತರಬಹುದಾದ್ದು 2 ಲೀಟರ್ ಮಾತ್ರ. ರೈ ಬದಲು ಗೋಧಿ ಹಾಕುವ ಮೇಕರ್ಸ್ ಮಾರ್ಕ್ ಬರ್ಬನ್ ತರಿಸಿ ಈ ರೈ ಪಕ್ಕ ಇಟ್ಟರೆ ವ್ಯತ್ಯಾಸ ಸರಿಯಾಗಿ ಗೊತ್ತಾಗುತ್ತದಾ? ಅಥವಾ ಬೇರೆ ಯಾವ ಬಾಟಲಿ ತರಿಸಲಿ?