ಹೋಗಲು ಆರೂವರೆ, ಬರಲು ಇಪ್ಪತ್ತನಾಲ್ಕು

ಭಾನುವಾರ ಮುಂಬೈಯ ಮಾಟುಂಗದ ಉಡುಪಿ ಹೋಟೆಲಿನ ನಮ್ಮ ಮೂಲೆ ಮೇಜಿಗೆ ಶೆಟ್ಟರು ಡೊಂಬಿವಲಿಯಿಂದ ವಿಮಾನದ ಟಿಕೆಟ್ ಸಮೇತ ಬಂದರು. ನ್ಯೂಯಾರ್ಕಿನಲ್ಲಿ ಮಗಳ ಬಾಣಂತನ. ಗಂಡ ಹೆಂಡತಿ ಜೂನಿನಲ್ಲಿ ಹೊರಟಿದ್ದಾರೆ.

“ಬುತ್ತಿ ಕಟ್ಟುತ್ತೇನೆ ಎಂದು ಮನೆಯಲ್ಲಿ ಒಂದೇ ಹಟ. ಗದರಿಸಿ ಬಂದೆ. ರಾತ್ರಿ 2ಕ್ಕೆ ಇಲ್ಲಿ ಬಿಟ್ಟರೆ ಬೆಳಿಗ್ಗೆ 8.30ಕ್ಕೆ ಅಲ್ಲಿ. ಆರೂವರೆ ಗಂಟೆ! ಊರಿನ ರೈಲು ಅಷ್ಟು ಹೊತ್ತಿಗೆ ರತ್ನಾಗಿರಿ ದಾಟಿದರೆ ಪುಣ್ಯ.”

“ಬರುವಾಗ?” ಎಂದರು ರಾಯರು. ರೈಲ್ವೆಯ ಲೆಕ್ಕಪತ್ರಗಳಲ್ಲಿ ಆಯುಷ್ಯ ಸವೆಸಿದವರು. ಅಂಕಿ ಕಂಡರೆ ಬಿಡುವವರಲ್ಲ.

“ಅದೇ ಗೋಳು ಮಾರಾಯರೇ. ಬೆಳಿಗ್ಗೆ 11ಕ್ಕೆ ಬಿಟ್ಟದ್ದು ಮರುದಿನ 11ಕ್ಕೆ ಇಲ್ಲಿ. ಎಲ್ಲೋ ಸುತ್ತಿಸಿಕೊಂಡು ಬರುತ್ತಾರೆ.”

ಭಟ್ಟರು ಕಾಫಿ ಲೋಟ ಕೆಳಗಿಟ್ಟರು. “ಸುತ್ತುವುದು ವಿಮಾನವಲ್ಲ, ಭೂಮಿ. ಪೂರ್ವಕ್ಕೆ ತಿರುಗುತ್ತದಲ್ಲ? ವಿಮಾನ ಮೇಲೇರಿ ಸುಮ್ಮನೆ ನಿಂತರೆ ಸಾಕು, ನ್ಯೂಯಾರ್ಕೇ ಅಡಿಗೆ ಬರುತ್ತದೆ.”

“ಕಲ್ಯಾಣದಲ್ಲಿ ಲೋಕಲ್ ಹತ್ತಿದ ಸೊಳ್ಳೆ ದಾದರ್‌ವರೆಗೂ ನಿಮ್ಮ ಕಿವಿಯ ಹತ್ತಿರವೇ ಹಾಡುತ್ತದೆ. ಹಿಂದಿನ ಗೋಡೆಗೆ ಬಡಿಯುತ್ತದೆಯೇ?” ರಾಯರು ಕೆರಳಿದರು. “ಬೋಗಿಯ ಗಾಳಿ ಬೋಗಿಯ ಜೊತೆಗೆ, ಭೂಮಿಯ ಗಾಳಿ ಭೂಮಿಯ ಜೊತೆಗೆ.”

“ಲೋಕಲ್ಲಿನ ಬಾಗಿಲು ತೆರೆದಿರುತ್ತದೆ” ಎಂದು ಭಟ್ಟರು ಗೊಣಗಿದರು. ಅದು ಯಾವ ಪಕ್ಷದ ವಾದವೆಂದು ನನಗೆ ಇಂದಿಗೂ ತಿಳಿದಿಲ್ಲ.

ರಾಯರು ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಹಾಕಿದರು. ಜೂನಿನಲ್ಲಿ ನ್ಯೂಯಾರ್ಕಿನ ಗಡಿಯಾರ ನಮಗಿಂತ 9.30 ಗಂಟೆ ಹಿಂದೆ. ಶೆಟ್ಟರ ಆರೂವರೆಗೆ ಅದನ್ನು ಕೂಡಿಸಿದರೆ 16 ಗಂಟೆ. ಬರುವಾಗಿನ 24ರಲ್ಲಿ ಅದೇ 9.30 ಗಂಟೆ ಕಳೆದರೆ 14.30.

“ಹಾಗಾದರೂ ಒಂದೂವರೆ ಗಂಟೆ ವ್ಯತ್ಯಾಸವಿದೆ. ಯಾರು ತಿಂದರು?” ಶೆಟ್ಟರು ಸುಲಭಕ್ಕೆ ಬಿಡುವವರಲ್ಲ, ಹೋಟೆಲ್ ನಡೆಸಿದವರು.

“ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಯಿದೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ.”

ದೂರ ಸುಮಾರು 12,500 ಕಿಲೋಮೀಟರ್ ಎಂದು ನಾನೂ ಒಂದು ಮಾತು ಸೇರಿಸಿದೆ. ಹತ್ತಿರದ ದಾರಿ ಐಸ್‌ಲ್ಯಾಂಡಿನ ಮೇಲೆ ಹೋಗುತ್ತದೆ ಎಂದದ್ದೇ ತಪ್ಪಾಯಿತು. “ನೋಡಿದಿರಾ, ಸುತ್ತಿಸುತ್ತಾರೆ!” ಎಂದು ಶೆಟ್ಟರು ಎದ್ದೇ ನಿಂತರು.

ಆಗ ರಾಯರು ತಟ್ಟೆಯಿಂದ ಒಂದು ಗೋಳಿಬಜೆ ಎತ್ತಿಕೊಂಡರು. ಈ ಬದಿಗೆ ಚಟ್ನಿಯ ಬೊಟ್ಟು, ಮುಂಬೈ. ಆ ಬದಿಗೆ ಇನ್ನೊಂದು, ನ್ಯೂಯಾರ್ಕ್. ಎರಡರ ನಡುವೆ ಕೊತ್ತಂಬರಿಯ ದಂಟನ್ನು ಬಿಗಿಯಾಗಿ ಹಿಡಿದರೆ ಅದು ತಾನಾಗಿ ನೆತ್ತಿಯ ಕಡೆಗೆ ಜಾರಿತು. “ಚಪ್ಪಟೆ ನಕ್ಷೆಯಲ್ಲಿ ಇದು ಸುತ್ತು. ಉರುಟು ಭೂಮಿಯ ಮೇಲೆ ಇದೇ ನೇರ. ಗಾಳಿ ಕಂಡೋ, ಯಾವುದೋ ದೇಶ ವಿಮಾನಗಳಿಗೆ ಮುಚ್ಚಿದ ಆಕಾಶ ಕಂಡೋ ಆಚೀಚೆ ಸರಿಯುವುದುಂಟು.”

ಶೆಟ್ಟರು ಭೂಮಿಯನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದರು. ತೃಪ್ತಿಯಾದ ಮೇಲೆ ತಿಂದುಬಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಮನೆಗೆ ಫೋನ್ ಮಾಡಿದರು: “ಹದಿನಾರು ಗಂಟೆಯಂತೆ. ಹತ್ತು ಚಪಾತಿ ಕಟ್ಟು.”

ಅತ್ತಲಿಂದ ಬಂದ ಉತ್ತರ ನಮಗೆಲ್ಲ ಕೇಳಿಸಿತು: “ಹದಿನೈದು ಮಾಡುತ್ತೇನೆ. ಡೊಂಬಿವಲಿಯಿಂದ ಏರ್‌ಪೋರ್ಟಿಗೆ ಹೋಗುವ ಲೆಕ್ಕ ಬಿಟ್ಟಿದ್ದೀರಿ.”