ಅಫಾರ್ ಮರುಭೂಮಿಯ ಬಿರುಕನ್ನು ಮೊದಲು ಕಂಡವರು ಯಾರು?

ಕಪ್ಪುಕಲ್ಲು (ವಿಜಯಪುರ) ಕೇಳುತ್ತಾರೆ:
ನಮ್ಮ ಹೊಲದಲ್ಲಿ ನಾಲ್ಕಡಿ ಅಗೆದರೆ ಸಿಗುವುದು ಲಾವಾ ಹೆಪ್ಪುಗಟ್ಟಿ ಆದ ಕಲ್ಲು. ಹಾಗಾಗಿ ಜ್ವಾಲಾಮುಖಿಯ ಸುದ್ದಿ ಎಲ್ಲಿದ್ದರೂ ಬಿಡದೆ ಓದುತ್ತೇನೆ. 2005ರಲ್ಲಿ ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ ನೆಲ 60 ಕಿಲೋಮೀಟರ್ ಉದ್ದಕ್ಕೆ ಬಿರಿದದ್ದನ್ನು ಉಪಗ್ರಹದ ರಾಡಾರ್ ಅಳೆಯಿತಂತೆ. ಅಲ್ಲಿಗೆ ಹೋದ ವಿಜ್ಞಾನಿಗಳಿಗೆ ಅಲೆಮಾರಿ ಪಶುಪಾಲಕರು ಬರೀ ದಾರಿ ತೋರಿಸಿದರೇ?

ಉಪ್ಪಿನದಾರಿ:
ನಾನು ಇಥಿಯೋಪಿಯಾದ ಮೆಕೆಲೆ ನಗರದಲ್ಲಿ ನಾಲ್ಕು ವರ್ಷ ಭೂವಿಜ್ಞಾನ ಕಲಿಸಿದವನು. ದಾರಿ ತೋರಿಸಿದ್ದು ಅವರು ಕೊಟ್ಟದ್ದರಲ್ಲಿ ಸಣ್ಣ ಪಾಲು. ಆ ಪಶುಪಾಲಕರಾದ ಅಫಾರರಲ್ಲಿ 'ದಾಗು' ಎಂಬ ಪದ್ಧತಿಯಿದೆ. ದಾರಿಯಲ್ಲಿ ಇಬ್ಬರು ಎದುರಾದರೆ ಸುಮ್ಮನೆ ದಾಟಿಹೋಗುವಂತಿಲ್ಲ; ನಿಂತು ಸುದ್ದಿ ಹೇಳಬೇಕು, ಕೇಳಬೇಕು. ಎಲ್ಲಿ ಮಳೆಯಾಯಿತು, ಎಲ್ಲಿ ಹುಲ್ಲಿದೆ, ಯಾರು ತೀರಿಕೊಂಡರು. ಬೆರಹ್ಲೆಯ ಹತ್ತಿರ ಉಪ್ಪಿನ ಹಲಗೆ ಹೊತ್ತ ಒಂಟೆಸಾಲು ಇದಕ್ಕಾಗಿಯೇ ನಿಂತದ್ದನ್ನು ಕಂಡಿದ್ದೇನೆ. ಬಿಸಿಲು ನೆತ್ತಿ ಸುಡುತ್ತಿದ್ದರೂ ಯಾರಿಗೂ ಅವಸರವಿರಲಿಲ್ಲ.

2005ರ ಸೆಪ್ಟೆಂಬರ್ 26ರಂದು ಅಫಾರ್‌ನ ದಬ್ಬಾಹು ಜ್ವಾಲಾಮುಖಿಯ ಬಳಿ ನೆಲ ಸೀಳಿ ಬೂದಿ ಎದ್ದಿತು. ಮೂರು ದಿನ ಕತ್ತಲು ಕವಿದಿತ್ತು ಎಂದು ಹೇಳಿದವರು ಅಲ್ಲಿ ಮೇಕೆ, ಒಂಟೆ ಮೇಯಿಸುತ್ತಿದ್ದವರು. ಆಳದಲ್ಲಿ ಶಿಲಾಪಾಕ (ಕರಗಿದ ಕಲ್ಲು) ನುಗ್ಗಿದ್ದರಿಂದ ನೆಲ ಕೆಲವೆಡೆ 8 ಮೀಟರ್‌ವರೆಗೆ ಅಗಲಿತ್ತು. ಆ ಲೆಕ್ಕ ಕೊಟ್ಟದ್ದು ಉಪಗ್ರಹ, ನಿಜ. ಆದರೆ ಆ ಮೂರು ದಿನಗಳ ಕತ್ತಲು ಯಾವ ಉಪಗ್ರಹದ ಲೆಕ್ಕದಲ್ಲಿದೆ?

ನೇರಮಾತು:
ಬಾಯಿಂದ ಬಾಯಿಗೆ ಹೋದ ಮಾತು ಬೆಳೆಯುತ್ತದೆ. ಅದನ್ನು ಪುರಾವೆ ಎನ್ನುವುದು ಸರಿಯೇ?

ಉಪ್ಪಿನದಾರಿ:
ನ್ಯಾಯವಾದ ಪ್ರಶ್ನೆ. ದಾಗುವಿನಲ್ಲಿ ಕಣ್ಣಾರೆ ಕಂಡದ್ದು ಬೇರೆ, ಕೇಳಿದ್ದು ಬೇರೆ. ಯಾರಿಂದ ಬಂದ ಸುದ್ದಿ ಎಂದು ವಿಚಾರಿಸುತ್ತಾರೆ. ಇಲ್ಲದ ಹುಲ್ಲನ್ನು ಇದೆ ಎಂದರೆ ಹಿಂಡೇ ಸಾಯುತ್ತದಲ್ಲ. ಇನ್ನು ಉಪಗ್ರಹ: ಆಗ ಬಳಸಿದ ಎನ್ವಿಸ್ಯಾಟ್ ಅದೇ ಪಥಕ್ಕೆ ಮರಳುತ್ತಿದ್ದದ್ದು 35 ದಿನಕ್ಕೊಮ್ಮೆ. ಎರಡು ಚಿತ್ರಗಳ ನಡುವೆ ನೆಲ ಎಷ್ಟು ಸರಿಯಿತೆಂದು ಅದು ಹೇಳುತ್ತದೆ, ಯಾವ ದಿನ ಎಂದು ಹೇಳಲಾರದು. ಕಂಪನಗಳ ದಿನಾಂಕ ದೂರದ ಭೂಕಂಪಮಾಪಕಗಳಲ್ಲಿ ಸಿಗುತ್ತದೆ. ಬೂದಿ ಬಿದ್ದ ಅನುಭವಕ್ಕೆ ಅಲ್ಲಿದ್ದವರನ್ನೇ ಕೇಳಬೇಕು. ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಉಪಕರಣ ಬಿಚ್ಚುವ ಮೊದಲು ಕುಳಿತು ದಾಗು ಮುಗಿಸಿ.

ಕಪ್ಪುಕಲ್ಲು:
2025ರ ನವೆಂಬರ್‌ನಲ್ಲಿ ದೆಹಲಿಯವರೆಗೆ ಬೂದಿ ಬಂದದ್ದು ಇದೇ ಅಫಾರ್‌ನಿಂದಲೇ?

ಉಪ್ಪಿನದಾರಿ:
ಹೌದು, ಹೈಲಿ ಗುಬ್ಬಿ ಜ್ವಾಲಾಮುಖಿ. ನಮ್ಮಲ್ಲಿ ರದ್ದಾದ ವಿಮಾನಗಳ ಸುದ್ದಿಯೇ ಸುದ್ದಿ. ನಾನು ಹುಡುಕಿದ್ದು ಬೇರೆಯದನ್ನು, ಸಿಕ್ಕಿದ್ದು ಕೆಲವೇ ಸಾಲು: ಜೀವಹಾನಿ ಇಲ್ಲ, ಆದರೆ ಹಳ್ಳಿಗಳ ಮೇಲೆ ಬೂದಿ ಬಿದ್ದು ದನಕರುಗಳಿಗೆ ಮೇವಿಲ್ಲ. ಆ ಹಿಂಡುಗಳನ್ನು ಎತ್ತ ಹೊಡೆದುಕೊಂಡು ಹೋದರು ಎಂದು ಇಂದಿಗೂ ಯೋಚಿಸುತ್ತೇನೆ.