'ಸಾಮೂಹಿಕ ಆತ್ಮಹತ್ಯೆ' ಅನ್ನೋದು ಸರಿನಾ? ಬೇರೆ ಪದ ಇದೆಯಾ?

ಎಲ್ರಿಗೂ ನಮಸ್ಕಾರ,

1945ರ ಯುದ್ಧದಲ್ಲಿ ಜಪಾನಿನ ಓಕಿನಾವಾ ದ್ವೀಪದ ಗುಹೆಗಳಲ್ಲಿ ಅಡಗಿದ್ದು ಬದುಕಿ ಬಂದ ಸಾಮಾನ್ಯ ಜನ ಆಮೇಲೆ ಹೇಳ್ಕೊಂಡಿದ್ದನ್ನ ಇಂಗ್ಲಿಷಿಂದ ಕನ್ನಡಕ್ಕೆ ತರ್ತಾ ಇದೀನಿ, ಒಂದು ಪದದ ಹತ್ರ ಕೈ ನಿಂತುಬಿಟ್ಟಿದೆ. ಜಪಾನಿಯಲ್ಲಿ 'ಶೂದಾನ್ ಜಿಕೆತ್ಸು' ಅಂತಾರೆ. ಶೂದಾನ್ ಅಂದ್ರೆ ಗುಂಪು, ಜಿಕೆತ್ಸು ಅಂದ್ರೆ ತಾನೇ ನಿರ್ಧಾರ ಮಾಡಿ ಪ್ರಾಣ ಕಳ್ಕೊಳ್ಳೋದು. ಸುಲಭಕ್ಕೆ 'ಸಾಮೂಹಿಕ ಆತ್ಮಹತ್ಯೆ' ಅಂತ ಬರೆದೆ, ಮಾರನೇ ದಿನ ಓದಿದಾಗ ಸುಳ್ಳು ಬರೆದ ಹಾಗೆ ಅನ್ನಿಸ್ತು.

ಯಾಕಂದ್ರೆ ಆಗಿದ್ದು ಇದು. ಏಪ್ರಿಲ್ 1ಕ್ಕೆ ಅಮೆರಿಕದ ಸೈನ್ಯ ಓಕಿನಾವಾದಲ್ಲಿ ಇಳೀತು, ಮಾರನೇ ದಿನ ಯೋಮಿತಾನ್ ಊರಿನ ಚಿಬಿಚಿರಿ ಗುಹೆಯಲ್ಲಿದ್ದ ಸುಮಾರು 140 ಜನರಲ್ಲಿ 80ಕ್ಕೂ ಹೆಚ್ಚು ಜನ ಸತ್ರು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು. ಸೆರೆ ಸಿಗೋದು ಅವಮಾನ, ಸಿಕ್ಕಿದ್ರೆ ಚಿತ್ರಹಿಂಸೆ ಕೊಟ್ಟು ಕೊಲ್ತಾರೆ ಅಂತ ಜಪಾನ್ ಸೈನ್ಯದವರು ಅವರ ತಲೆಗೆ ಮೊದಲೇ ತುಂಬಿದ್ರು. ಅಲ್ಲೇ ಹತ್ರದ ಶಿಮುಕು ಗುಹೆಯಲ್ಲಿ ಸುಮಾರು 1000 ಜನ ಇದ್ರು, ಅವರಲ್ಲಿ ಅಮೆರಿಕದ ಹವಾಯಿಗೆ ಹೋಗಿ ಬಂದಿದ್ದ ಇಬ್ರು, 'ಅಮೆರಿಕದವರು ಜನರನ್ನ ಕೊಲ್ಲಲ್ಲ' ಅಂತ ಹೇಳಿ ಉಳಿದವರನ್ನ ಒಪ್ಪಿಸಿದ್ರು, ಎಲ್ರೂ ಹೊರಗೆ ಬಂದು ಉಳ್ಕೊಂಡ್ರು. ಅಂದ್ಮೇಲೆ ಚಿಬಿಚಿರಿಯಲ್ಲಿ ತಾಯಿ ಮಡಿಲಲ್ಲಿದ್ದ ಕೂಸು 'ಆತ್ಮಹತ್ಯೆ ಮಾಡ್ಕೊಂಡ್ತು' ಅಂತ ಕನ್ನಡದಲ್ಲಿ ಹೇಗೆ ಬರೆಯೋದು? ಆತ್ಮಹತ್ಯೆ ಅಂದ ತಕ್ಷಣ ತಪ್ಪು ಸತ್ತವರ ತಲೆ ಮೇಲೇ ಬರುತ್ತೆ.

ಜಪಾನಲ್ಲೂ ಈ ಪದದ ಜಗಳ ಇದೆ. 2007ರಲ್ಲಿ ಶಾಲೆ ಪುಸ್ತಕಗಳಿಂದ ಜಪಾನ್ ಸೈನ್ಯದ ಬಲವಂತದ ಮಾತು ತೆಗೀಬೇಕು ಅಂತ ಅಲ್ಲಿನ ಸರ್ಕಾರ ಹೇಳಿದಾಗ ಓಕಿನಾವಾದಲ್ಲಿ ಭಾರೀ ಪ್ರತಿಭಟನೆ ಆಯ್ತು. ತುಂಬಾ ಜನ ಈಗ 'ಕ್ಯೋಸೇ ಶೂದಾನ್‌ಶಿ' ಅಂತಾರೆ, ಬಲವಂತದ ಗುಂಪು ಸಾವು. ಕನ್ನಡದಲ್ಲಿ 'ಬಲವಂತದ ಸಾಮೂಹಿಕ ಸಾವು' ಅಂದ್ರೆ ಸರ್ಕಾರಿ ವರದಿ ಓದಿದ ಹಾಗಾಗುತ್ತೆ, ಅಜ್ಜಿಯೊಬ್ಬರು ಕೂತು ಹೇಳೋ ಮಾತಲ್ಲಿ ಅದು ಕೂರಲ್ಲ. ಚಿಬಿಚಿರಿಯಲ್ಲಿ ಉಳಿದವರು 1983ರ ತನಕ, ಅಂದ್ರೆ 38 ವರ್ಷ, ಹೆಚ್ಚುಕಮ್ಮಿ ಬಾಯೇ ಬಿಟ್ಟಿರ್ಲಿಲ್ಲ. ಅಷ್ಟು ಕಷ್ಟಪಟ್ಟು ಹೇಳಿದ್ದಕ್ಕೆ ನನ್ನ ಅನುವಾದ ಇನ್ನೊಂದು ಆರೋಪ ಆಗ್ಬಾರ್ದು.

ಹಾಗಾಗಿ ನಾಮಪದ ಬಿಟ್ಟು ಕ್ರಿಯಾಪದದ ಕಡೆ ಹೋಗ್ತಿದೀನಿ. 'ಸತ್ರು', 'ಸಾಯ್ಸಿದ್ರು', 'ಸಾಯೋ ಹಾಗೆ ಮಾಡಿದ್ರು', 'ಸಾಯ್ಬೇಕಾಗಿ ಬಂತು', ಇವು ನಾಲ್ಕೂ ಬೇರೆ ಬೇರೆ ಹೊಣೆ ಹೊರಿಸ್ತವೆ. ಕೊನೇದು ನನಗೆ ಹತ್ರ ಅನ್ಸುತ್ತೆ, ಆದ್ರೆ ಅದರಲ್ಲಿ ಮಾಡಿಸಿದವರು ಮಾಯ ಆಗ್ತಾರೆ, ವಿಧಿ ಥರ ಕೇಳ್ಸುತ್ತೆ. ಮೂರನೇದು ಸೈನ್ಯವನ್ನ ಕಾಣಿಸುತ್ತೆ, ಆದ್ರೆ ಮಗುವಿನ ಮೇಲೆ ಕೈ ಇಟ್ಟಿದ್ದು ಹೆತ್ತವರೇ ಅನ್ನೋ ಸಂಕಟ ಅದರಲ್ಲಿ ಬರಲ್ಲ.

ಚಿಕ್ಕ ಇನ್ನೊಂದು. ಆ ಸುಣ್ಣಕಲ್ಲಿನ ಗುಹೆಗಳಿಗೆ ಅಲ್ಲಿಯವರು 'ಗಮ' ಅಂತಾರೆ, ಎರಡೂ ಹ್ರಸ್ವ. 'ಗವಿ' ಅಂದ್ರೆ ತಪಸ್ಸಿನ ನೆನಪು ಬರುತ್ತೆ, 'ಬಂಕರ್' ಅಂದ್ರೆ ತೋಡಿದ್ದು ಅನ್ಸುತ್ತೆ, ನಾನು 'ಗಮ' ಅಂತಲೇ ಇಟ್ಟು ಮೊದಲ ಸಲ ಮಾತ್ರ 'ಗುಹೆ' ಅಂತ ಬಿಡಿಸಿ ಹೇಳೋಣ ಅಂತಿದೀನಿ.

ಹೊಣೆ ಮತ್ತು ಸಂಕಟ ಎರಡನ್ನೂ ಹಿಡಿಯೋ ಆಡುಮಾತಿನ ಪದ ನಿಮ್ಮ ಕಡೆ ಯಾವುದಾದ್ರೂ ಇದ್ರೆ, ಹಳೇ ಪದ ಆದ್ರೂ ಪರ್ವಾಗಿಲ್ಲ, ದಯವಿಟ್ಟು ಹೇಳಿ.